ಕರೆಂಟ್ ಬೇಕೇ, ಬೇಡವೇ? ಬೇಕಾದರೆ ಎಷ್ಟು ದಿನ?

"ಪೂರ್ತಿ ತೆಗೆದುಬಿಟ್ರೆ ಕರೆಂಟ್ ಕೊಡೋ ರಗಳೆನೇ ಇರಲ್ಲ ನೋಡಿ." ಸ್ತನ ಕ್ಯಾನ್ಸರ್ ಎಂದು ಬಂದ ಅಕ್ಕನ ಬಯಾಪ್ಸಿ ರಿಪೋರ್ಟ್ ನೋಡಿದ ಮೊದಲ ಡಾಕ್ಟರು ಹೇಳಿದ್ದು ಇದೊಂದೇ ಮಾತು. ನಾವು ಶಿರಸಿ ಕಡೆಯವರು, ನಮ್ಮಲ್ಲಿ ರೇಡಿಯೇಷನ್‌ಗೆ ಕರೆಂಟ್ ಅನ್ನುತ್ತಾರೆ. ರೇಡಿಯೇಷನ್ ಕೊಡುವ ಯಂತ್ರ ಬೇಕೆಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕು. ಅಕ್ಕನಿಗೆ ಆಗ 46, ಎಡಗಡೆಯ ಸ್ತನದಲ್ಲಿ ಎರಡು ಸೆಂಟಿಮೀಟರಿನ ಗಂಟು. ಭಾವ ಅಲ್ಲೇ ತಲೆಯಾಡಿಸಿದರು. "ವಾರಗಟ್ಟಲೆ ಯಾರು ಓಡಾಡೋದು, ತೆಗೆಸಿಬಿಡೋಣ" ಎಂದರು. ಅಕ್ಕ ಏನೂ ಹೇಳಲಿಲ್ಲ. ಮನೆಗೆ ಬಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಆ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಅರ್ಧ ಸತ್ಯ ನಂಬಿ ಆಪರೇಷನ್ ಟೇಬಲ್ ಮೇಲೆ ಮಲಗುವ ಹೆಣ್ಣುಮಕ್ಕಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಅಕ್ಕನ ಜೊತೆಗೂ ಆಮೇಲೆ ಚಿಕ್ಕಿಯ ಜೊತೆಗೂ ಓಡಾಡಿ, ಎರಡನೇ ಆಸ್ಪತ್ರೆಯ ರೇಡಿಯೇಷನ್ ಡಾಕ್ಟರ ಹತ್ತಿರ ಕೇಳಿ, ಓದಿ ತಿಳಿದುಕೊಂಡಿದ್ದು ಇದು. ನಿಮ್ಮ ರಿಪೋರ್ಟ್‌ಗೆ ಯಾವುದು ಹೊಂದುತ್ತದೆ ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಏನು ಕೇಳಬೇಕೆಂದು ಗೊತ್ತಿದ್ದರೆ ಅವರೂ ಬಿಡಿಸಿ ಹೇಳುತ್ತಾರೆ.

ಗಂಟು ಮಾತ್ರ ತೆಗೆಸಿ ರೇಡಿಯೇಷನ್, ಅಥವಾ ಪೂರ್ತಿ ಸ್ತನ ತೆಗೆಸುವುದು

ರೇಡಿಯೇಷನ್ ಬಗೆಗಿನ ತೀರ್ಮಾನ ಆಪರೇಷನ್ ಆದಮೇಲೆ ಬರುತ್ತದೆ ಅಂದುಕೊಂಡಿರುತ್ತೇವೆ. ಹಾಗಲ್ಲ, ಅರ್ಧ ತೀರ್ಮಾನ ಆಪರೇಷನ್‌ಗೆ ಮೊದಲೇ ಆಗಿಹೋಗಿರುತ್ತದೆ. ಗಂಟು ಮತ್ತು ಅದರ ಸುತ್ತಲಿನ ಒಂದಿಷ್ಟು ಭಾಗ ಮಾತ್ರ ತೆಗೆಸಿ ಸ್ತನ ಉಳಿಸಿಕೊಂಡರೆ ಸಾಮಾನ್ಯವಾಗಿ ರೇಡಿಯೇಷನ್ ಬೇಕೇ ಬೇಕು. ಆದ್ದರಿಂದ ಸರ್ಜನ್ ಒಬ್ಬರನ್ನೇ ಕಂಡು ತಾರೀಕು ಗೊತ್ತು ಮಾಡಿಕೊಳ್ಳಬೇಡಿ. ಅದಕ್ಕೂ ಮೊದಲು ರೇಡಿಯೇಷನ್ ಡಾಕ್ಟರನ್ನು ಒಮ್ಮೆ ಕಾಣಿ.

ಪೂರ್ತಿ ತೆಗೆಸಿದರೆ ಜೀವ ಹೆಚ್ಚು ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದನ್ನು 1970ರ ದಶಕದಲ್ಲೇ ಪರೀಕ್ಷೆಗೆ ಹಚ್ಚಿದವರು ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಉಂಬರ್ಟೊ ವೆರೊನೇಸಿ. ಕೆಲವರಿಗೆ ಪೂರ್ತಿ ತೆಗೆದು, ಕೆಲವರಿಗೆ ಸ್ತನ ಉಳಿಸಿ ರೇಡಿಯೇಷನ್ ಕೊಟ್ಟು, 20 ವರ್ಷ ಹಿಂದೆ ಬಿದ್ದು ನೋಡಿದರು. 2002ರಲ್ಲಿ ಇಬ್ಬರ ಫಲಿತಾಂಶವೂ ಪ್ರಕಟವಾಯಿತು: ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಫಿಶರ್ ಅವರ ಅಧ್ಯಯನದಲ್ಲಿ ಮೂರನೆಯ ಗುಂಪೊಂದಿತ್ತು. ಅವರಿಗೆ ಗಂಟು ತೆಗೆದು ರೇಡಿಯೇಷನ್ ಕೊಡದೆ ಬಿಟ್ಟಿದ್ದರು. ಆ ಗುಂಪಿನಲ್ಲಿ ಅದೇ ಸ್ತನದಲ್ಲಿ ಕಾಯಿಲೆ ಮತ್ತೆ ಕಾಣಿಸಿಕೊಂಡದ್ದು ಶೇ. 39.2 ಹೆಂಗಸರಲ್ಲಿ. ರೇಡಿಯೇಷನ್ ಪಡೆದವರಲ್ಲಿ ಶೇ. 14.3. ಇವು ಹಳೆಯ ಕಾಲದ ಅಂಕಿಗಳು. ಈಗ ಮಾತ್ರೆ, ಔಷಧ, ಆಪರೇಷನ್ ಎಲ್ಲವೂ ಸುಧಾರಿಸಿರುವುದರಿಂದ ಎರಡೂ ಕಡೆ ಪ್ರಮಾಣ ಬಹಳ ಇಳಿದಿದೆ. ಆದರೆ ರೇಡಿಯೇಷನ್ ಏಕೆ ಕೊಡುತ್ತಾರೆ ಎಂದು ಅಕ್ಕನಿಗೆ ಅರ್ಥವಾದದ್ದು ಈ ಎರಡು ಅಂಕಿ ಕೇಳಿದ ಮೇಲೆಯೇ. ಕಣ್ಣಿಗೆ ಕಾಣುವ ಗಂಟು ಚಾಕುವಿಗೆ ಸಿಗುತ್ತದೆ, ಸುತ್ತ ಉಳಿದಿರಬಹುದಾದ ಕಾಣದ ಕಣಗಳಿಗೆ ರೇಡಿಯೇಷನ್.

ಕಾಯಿಲೆ ಅಲ್ಲೇ ಮರುಕಳಿಸಿದರೆ ಇನ್ನೊಂದು ಆಪರೇಷನ್ ಮಾಡಿಸಿದರಾಯಿತು ಎನ್ನುವವರೂ ಇದ್ದಾರೆ. 17 ಅಧ್ಯಯನಗಳ 10,801 ಹೆಂಗಸರ ಲೆಕ್ಕವನ್ನು ಒಟ್ಟುಗೂಡಿಸಿ ಆಕ್ಸ್‌ಫರ್ಡ್‌ನವರು 2011ರಲ್ಲಿ ಪ್ರಕಟಿಸಿದರು. ಗಂಟು ತೆಗೆಸಿದ ಮೇಲೆ ರೇಡಿಯೇಷನ್ ಕೊಟ್ಟಾಗ ಹತ್ತು ವರ್ಷದಲ್ಲಿ ಕಾಯಿಲೆ ಎಲ್ಲಾದರೂ ಮರಳುವ ಪ್ರಮಾಣ ಶೇ. 35ರಿಂದ 19ಕ್ಕೆ ಇಳಿದಿತ್ತು. ಹದಿನೈದು ವರ್ಷದಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಶೇ. 25ರಿಂದ 21ಕ್ಕೆ. ಅಂದರೆ ನಾಲ್ಕು ಜನರಲ್ಲಿ ಮರುಕಳಿಕೆ ತಪ್ಪಿದರೆ ಅದರಲ್ಲಿ ಒಂದು ಜೀವವೇ ಉಳಿದಂತೆ.

ಇನ್ನು ಮೊದಲ ಡಾಕ್ಟರ ಮಾತಿಗೆ ಬರುತ್ತೇನೆ. ಪೂರ್ತಿ ತೆಗೆಸಿದರೂ ರೇಡಿಯೇಷನ್ ತಪ್ಪುತ್ತದೆ ಎಂಬ ಖಾತ್ರಿ ಇಲ್ಲ. ಗಡ್ಡೆ 5 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಕಂಕುಳಿನ ನಾಲ್ಕು ಅಥವಾ ಹೆಚ್ಚು ಗ್ರಂಥಿಗಳಿಗೆ ಕಾಯಿಲೆ ಹರಡಿದ್ದರೆ ಆಗಲೂ ಕೊಡುತ್ತಾರೆ. ಒಂದರಿಂದ ಮೂರು ಗ್ರಂಥಿಗಳಿಗೆ ತಗುಲಿದ್ದರೆ ಕೊಡಬೇಕೋ ಬೇಡವೋ ಎಂಬುದು ಬಹಳ ವರ್ಷದ ಜಿಜ್ಞಾಸೆ. ಸುಪ್ರೀಮೊ ಎಂಬ ಅಧ್ಯಯನ 2025ರಲ್ಲಿ ಪ್ರಕಟವಾಗಿದೆ. ಇಂದಿನ ಔಷಧೋಪಚಾರ ಸರಿಯಾಗಿ ಸಿಕ್ಕ ಮಧ್ಯಮ ಅಪಾಯದವರಲ್ಲಿ, ರೇಡಿಯೇಷನ್ ಕೊಟ್ಟರೂ ಬಿಟ್ಟರೂ ಹತ್ತು ವರ್ಷ ಬದುಕಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಎಂದು ಅದು ಹೇಳಿತು. ಹಾಗಾಗಿ ಪೂರ್ತಿ ತೆಗೆಸಿಕೊಂಡು ಒಂದೆರಡು ಗ್ರಂಥಿ ಪಾಸಿಟಿವ್ ಬಂದವರು "ನನಗೆ ನಿಜಕ್ಕೂ ಬೇಕಾ ಡಾಕ್ಟರೇ?" ಎಂದು ಧೈರ್ಯವಾಗಿ ಕೇಳಬಹುದು.

ಪೂರ್ತಿ ತೆಗೆಸುವುದೇ ಸರಿಯಾದ ಸಂದರ್ಭಗಳೂ ಇವೆ. ಸ್ತನದ ತುಂಬ ಬೇರೆ ಬೇರೆ ಕಡೆ ಕಾಯಿಲೆ ಹರಡಿದ್ದರೆ, ಅದೇ ಜಾಗಕ್ಕೆ ಹಿಂದೆ ರೇಡಿಯೇಷನ್ ಆಗಿದ್ದರೆ, ಮತ್ತೆ ಮತ್ತೆ ಕತ್ತರಿಸಿದರೂ ಅಂಚಿನಲ್ಲಿ ಕ್ಯಾನ್ಸರ್ ಕಣ ಉಳಿಯುತ್ತಿದ್ದರೆ ಸ್ತನ ಉಳಿಸುವುದು ಕಷ್ಟ. ವಂಶವಾಹಿಯ ದೋಷ ಇರುವವರ ಲೆಕ್ಕ ಬೇರೆ. ಕೆಲವರು ಎಲ್ಲ ತಿಳಿದೂ ಪೂರ್ತಿ ತೆಗೆಸುವುದನ್ನೇ ಆರಿಸಿಕೊಳ್ಳುತ್ತಾರೆ, ಅದು ಅವರ ಹಕ್ಕು. ನನ್ನ ಸಂಕಟ ಇಷ್ಟೇ, ಊರು ದೂರ ಎಂಬ ಒಂದೇ ಕಾರಣಕ್ಕೆ, ರೇಡಿಯೇಷನ್ ಈಗ ಎಷ್ಟು ದಿನಕ್ಕೆ ಇಳಿದಿದೆ ಎಂದು ಯಾರೂ ಹೇಳದೆ, ಒಬ್ಬ ಹೆಂಗಸಿನ ಸ್ತನ ಹೋಗಬಾರದು.

25 ದಿನ, 15 ದಿನ, 5 ದಿನ

ನಮ್ಮ ಊರಲ್ಲಿ ರೇಡಿಯೇಷನ್ ಅಂದರೆ ಈಗಲೂ "ಒಂದೂವರೆ ತಿಂಗಳು ಕರೆಂಟ್ ಇಡ್ತಾರೆ" ಅನ್ನುತ್ತಾರೆ. ಅದು ಹಳೆಯ ಪದ್ಧತಿ: ವಾರಕ್ಕೆ ಐದು ದಿನದಂತೆ ಐದು ವಾರ, ಒಟ್ಟು 50 ಗ್ರೇ, ಮೇಲೆ ಇನ್ನೊಂದು ವಾರ. ಗ್ರೇ ಅಂದರೆ ರೇಡಿಯೇಷನ್ ಅಳೆಯುವ ಮಾನ, ಅಡಿಕೆಗೆ ಕ್ವಿಂಟಲ್ ಇದ್ದಹಾಗೆ.

ದಿನದ ಪ್ರಮಾಣ ಸ್ವಲ್ಪ ಹೆಚ್ಚಿಸಿ ದಿನ ಕಡಿಮೆ ಮಾಡಿದರೆ ಏನಾಗುತ್ತದೆ ಎಂದು ಬ್ರಿಟನ್ ಮತ್ತು ಕೆನಡಾದವರು ನೋಡಿದರು. ಬ್ರಿಟನ್‌ನಲ್ಲಿ 15 ದಿನಕ್ಕೆ 40 ಗ್ರೇ, ಕೆನಡಾದಲ್ಲಿ 16 ದಿನಕ್ಕೆ 42.5 ಗ್ರೇ. ಹತ್ತು ವರ್ಷ ಕಳೆದ ಮೇಲೂ ಕಾಯಿಲೆ ತಡೆಯುವುದರಲ್ಲಿ ಐದು ವಾರದ ಪದ್ಧತಿಗಿಂತ ಕಮ್ಮಿಯಾಗಲಿಲ್ಲ. ಬ್ರಿಟನ್ನಿನ ಅಧ್ಯಯನದಲ್ಲಂತೂ ಸ್ತನ ಗಟ್ಟಿಯಾಗುವುದು, ಕುಗ್ಗುವುದು ಮೂರು ವಾರದವರಲ್ಲೇ ತುಸು ಕಡಿಮೆ ಇತ್ತು. ಹಾಗಾಗಿ ಆರಂಭದ ಹಂತದ ಸ್ತನ ಕ್ಯಾನ್ಸರ್‌ಗೆ ಯಾರಾದರೂ ಇಂದಿಗೂ 25 ದಿನ ಬರೆದುಕೊಟ್ಟರೆ, ಏಕೆ ಎಂದು ಕೇಳಿ. ಕಾರಣ ಇರಬಹುದು. ಇಲ್ಲದಿದ್ದರೆ ಆ ಹತ್ತು ದಿನ ನಿಮ್ಮ ಮನೆಯ ಹತ್ತು ದಿನ.

ಅಲ್ಲಿಂದ ಮುಂದಿನ ಹೆಜ್ಜೆ ಐದೇ ದಿನ. ಫಾಸ್ಟ್-ಫಾರ್ವರ್ಡ್ ಎಂಬ ಬ್ರಿಟಿಷ್ ಅಧ್ಯಯನದಲ್ಲಿ 4,096 ಮಂದಿ ಇದ್ದರು. ಸೋಮವಾರದಿಂದ ಶುಕ್ರವಾರದವರೆಗೆ 26 ಗ್ರೇ ಕೊಟ್ಟು ಮುಗಿಸಿದರು. 2020ರಲ್ಲಿ ಬಂದ ಐದು ವರ್ಷದ ಫಲಿತಾಂಶದಲ್ಲಿ ಕಾಯಿಲೆ ಅದೇ ಸ್ತನದಲ್ಲಿ ಮರಳಿದ್ದು ಮೂರು ವಾರದವರಲ್ಲಿ ಶೇ. 2.1, ಒಂದು ವಾರದವರಲ್ಲಿ ಶೇ. 1.4. ಕೋವಿಡ್ ಕಾಲದಲ್ಲಿ ಜನ ಆಸ್ಪತ್ರೆಗೆ ಬರುವುದೇ ಕಷ್ಟವಾಗಿದ್ದಾಗ ಈ ಪದ್ಧತಿ ಬೇಗ ಬೇರೂರಿತು. ಕೋಲ್ಕತ್ತದ ಟಾಟಾ ಮೆಡಿಕಲ್ ಸೆಂಟರ್ ನಮ್ಮ ದೇಶದ ಹೆಂಗಸರಲ್ಲೇ ಒಂದು ವಾರ ಮತ್ತು ಮೂರು ವಾರವನ್ನು ಹೋಲಿಸುವ ಅಧ್ಯಯನ ಕೈಗೆತ್ತಿಕೊಂಡಿದೆ.

ಹಾಗಾದರೆ ಎಲ್ಲರಿಗೂ ಐದೇ ದಿನ ಯಾಕಲ್ಲ? ಕಂಕುಳು ಮತ್ತು ಕುತ್ತಿಗೆಯ ಬುಡದ ಗ್ರಂಥಿಗಳಿಗೂ ಕೊಡಬೇಕಾದಾಗ, ಸ್ತನವನ್ನು ಮರುರೂಪಿಸುವ ಆಪರೇಷನ್ ಆಗಿದ್ದಾಗ ಹಲವು ಡಾಕ್ಟರು 15 ದಿನವನ್ನೇ ಮೆಚ್ಚುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಗ್ರಂಥಿ ನೆಗೆಟಿವ್ ಇದ್ದು (ಅಂದರೆ ಕಂಕುಳಿನ ಗ್ರಂಥಿಗೆ ಕಾಯಿಲೆ ತಗುಲಿರದೆ), ಊರು ದೂರವಿದ್ದು, ಆಸ್ಪತ್ರೆಗೆ ಈ ಪದ್ಧತಿ ರೂಢಿಯಿದ್ದರೆ ಐದು ದಿನದ ವಿಚಾರವನ್ನು ನೀವೇ ಬಾಯಿಬಿಟ್ಟು ಎತ್ತಬೇಕು.

ಬೂಸ್ಟ್ ಎಂಬ ಮಾತೂ ಕಿವಿಗೆ ಬೀಳುತ್ತದೆ. ಗಂಟು ಇದ್ದ ಜಾಗಕ್ಕೆ ಮಾತ್ರ ಕೊಡುವ ಹೆಚ್ಚುವರಿ ಡೋಸ್ ಅದು. ಯುರೋಪಿನ ದೊಡ್ಡ ಅಧ್ಯಯನವೊಂದರಲ್ಲಿ 20 ವರ್ಷದ ಕೊನೆಗೆ ಬೂಸ್ಟ್ ಇಲ್ಲದವರಲ್ಲಿ ಶೇ. 16.4, ಇದ್ದವರಲ್ಲಿ ಶೇ. 12 ಮಂದಿಗೆ ಅದೇ ಸ್ತನದಲ್ಲಿ ಮರುಕಳಿಸಿತ್ತು. ಲಾಭ ಹೆಚ್ಚು ಕಂಡದ್ದು ಚಿಕ್ಕ ವಯಸ್ಸಿನವರಲ್ಲಿ. ಆದರೆ ಸ್ತನ ತೀರಾ ಗಟ್ಟಿಯಾಗುವ ತೊಂದರೆ ಶೇ. 1.8ರಿಂದ 5.2ಕ್ಕೆ ಏರಿತ್ತು, ಒಟ್ಟು ಬದುಕುಳಿದವರ ಪ್ರಮಾಣ ಬದಲಾಗಲಿಲ್ಲ. ಆದ್ದರಿಂದ 50ರ ಕೆಳಗಿನವರಿಗೆ, ಉಗ್ರ ಸ್ವಭಾವದ ಗಡ್ಡೆಯವರಿಗೆ ಬೂಸ್ಟ್ ಸಾಮಾನ್ಯ. ವಯಸ್ಸಾದವರಿಗೆ, ಸೌಮ್ಯ ಗಡ್ಡೆಯವರಿಗೆ ಬಿಡಬಹುದು. ನಮ್ಮ ದೇಶದಲ್ಲಿ ಈ ಕಾಯಿಲೆ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುವುದರಿಂದ ಬೂಸ್ಟ್ ಬೇಕಾಗುವವರು ನಮ್ಮಲ್ಲಿ ಹೆಚ್ಚು. ಕೆಲವು ಕಡೆ ಅದನ್ನು ಪ್ರತ್ಯೇಕ ದಿನ ಮಾಡದೆ ಅದೇ 15 ದಿನದೊಳಗೇ ಸೇರಿಸಿ ಕೊಡುತ್ತಾರೆ. ಆ ಸೌಲಭ್ಯ ಇದೆಯೇ ಎಂದು ಕೇಳುವುದರಿಂದ ಒಂದು ವಾರ ಉಳಿಯಬಹುದು.

ಸ್ತನ ಉಳಿಸಿಕೊಂಡ ಅಕ್ಕನಿಗೆ 15 ದಿನ, ಮೇಲೆ ಬೂಸ್ಟ್ 5 ದಿನ ಎಂದರು. ಕೀಮೊ ಮುಗಿದದ್ದು ದೀಪಾವಳಿಯ ಹೊತ್ತಿಗೆ, ಕೊನೆಕೊಯ್ಲು ಬಾಗಿಲಿಗೆ ಬಂದಿತ್ತು. "ಕೊಯ್ಲು ಮುಗಿಸ್ಕಂಡು ಸಂಕ್ರಾಂತಿ ಮೇಲೆ ಬರ್ತ್ಯ" ಎಂದು ಅಕ್ಕ ಕೇಳಿಯೇಬಿಟ್ಟಳು. ರೇಡಿಯೇಷನ್ ಡಾಕ್ಟರಮ್ಮ ಒಪ್ಪಲಿಲ್ಲ. ಕೀಮೊ ಆದವರಿಗೆ ಮೂರ್ನಾಲ್ಕು ವಾರದಲ್ಲಿ, ಕೀಮೊ ಇಲ್ಲದವರಿಗೆ ಆಪರೇಷನ್ ಆಗಿ ಗಾಯ ಮಾಗಿದ ಮೇಲೆ ಒಂದೆರಡು ತಿಂಗಳೊಳಗೆ ಶುರುವಾಗಬೇಕು, ಸುಮ್ಮನೆ ಮುಂದಕ್ಕೆ ಹಾಕುವುದು ಒಳ್ಳೆಯದಲ್ಲ ಎಂದರು. ಆ ವರ್ಷ ಅಡಿಕೆ ಸುಲಿಸುವ ಉಸ್ತುವಾರಿ ಭಾವನೇ ನೋಡಿಕೊಂಡರು.

ಇಡೀ ಸ್ತನಕ್ಕೋ, ಒಂದು ಭಾಗಕ್ಕೋ

ಕಾಯಿಲೆ ಮರಳುವುದು ಹೆಚ್ಚಾಗಿ ಗಂಟು ಇದ್ದ ಜಾಗದ ಆಸುಪಾಸಿನಲ್ಲೇ. ಹಾಗಿದ್ದಾಗ ಅಷ್ಟಕ್ಕೇ ಕೊಟ್ಟರೆ ಸಾಲದೇ ಎಂಬ ಯೋಚನೆಯಿಂದ ಬಂದದ್ದು ಭಾಗಶಃ ರೇಡಿಯೇಷನ್. ಸುಮಾರು 50 ದಾಟಿದ, ಸಣ್ಣ ಗಡ್ಡೆಯ, ಗ್ರಂಥಿ ನೆಗೆಟಿವ್ ಇರುವ, ಹಾರ್ಮೋನ್ ಪಾಸಿಟಿವ್ (ಅಂದರೆ ಮೈಯ ಹಾರ್ಮೋನಿನ ಬಲದಿಂದ ಬೆಳೆಯುವ ಗಡ್ಡೆ) ಇರುವವರಿಗೆ ಇದು ಒಳ್ಳೆಯ ಆಯ್ಕೆ. ಬ್ರಿಟನ್ನಿನ ಇಂಪೋರ್ಟ್ ಲೋ ಅಧ್ಯಯನದಲ್ಲಿ 15 ದಿನ ಅದೇ ಯಂತ್ರದಿಂದ ಭಾಗಕ್ಕೆ ಮಾತ್ರ ಕೊಟ್ಟರು, ಇಟಲಿಯ ಫ್ಲಾರೆನ್ಸ್‌ನಲ್ಲಿ ದಿನ ಬಿಟ್ಟು ದಿನ ಐದೇ ಬಾರಿ 30 ಗ್ರೇ ಕೊಟ್ಟರು. ಎರಡೂ ಕಡೆ ಫಲಿತಾಂಶ ಚೆನ್ನಾಗಿತ್ತು, ಅಡ್ಡಪರಿಣಾಮವೂ ಕಮ್ಮಿ.

ಆಪರೇಷನ್ ಟೇಬಲ್ ಮೇಲೇ ಒಂದೇ ಸಲಕ್ಕೆ ರೇಡಿಯೇಷನ್ ಕೊಟ್ಟು ಮುಗಿಸುವ ವಿಧಾನವೂ ಇದೆ. ಕೇಳಲು ಬಹಳ ಆಕರ್ಷಕ. ಆದರೆ ಮಿಲಾನ್‌ನ ಎಲಿಯಟ್ ಅಧ್ಯಯನದಲ್ಲಿ 15 ವರ್ಷಕ್ಕೆ ಅದೇ ಸ್ತನದಲ್ಲಿ ಮರುಕಳಿಕೆ ಈ ವಿಧಾನದಲ್ಲಿ ಶೇ. 12.6, ಇಡೀ ಸ್ತನಕ್ಕೆ ಕೊಟ್ಟವರಲ್ಲಿ ಶೇ. 2.4. ಐದು ದಿನದಲ್ಲಿ ಹೊರಗಿನಿಂದಲೇ ಮುಗಿಯುವಾಗ ನಾನಾದರೆ ಇದರ ಹಿಂದೆ ಹೋಗುವುದಿಲ್ಲ.

ರೇಡಿಯೇಷನ್ ಬಿಟ್ಟರೂ ನಡೆಯುವವರು

ಚಿಕ್ಕಿಗೆ 72. ಬಲಗಡೆ ಒಂದೂವರೆ ಸೆಂಟಿಮೀಟರಿನ ಗಂಟು, ಗ್ರಂಥಿ ನೆಗೆಟಿವ್, ಹಾರ್ಮೋನ್ ಪಾಸಿಟಿವ್, ಅಂಚು ಸ್ವಚ್ಛ. ಅಕ್ಕನಿಗೆ ಅಷ್ಟು ಒತ್ತಿ ಹೇಳಿದ ಅದೇ ಡಾಕ್ಟರಮ್ಮ ಚಿಕ್ಕಿಗೆ "ನೀವು ಬೇಕಾದ್ರೆ ಬಿಡಬಹುದು" ಎಂದಾಗ ನಮಗೆ ಗಾಬರಿಯೇ ಆಯಿತು. ವಯಸ್ಸಾಯಿತು ಅಂತ ಕೈಬಿಡುತ್ತಿದ್ದಾರೇನೋ ಎಂದು ಭಾವ ಗೊಣಗಿದರು. ಡಾಕ್ಟರಮ್ಮ ಒಂದು ಹಾಳೆ ತೆಗೆದು ಬರೆದು ತೋರಿಸಿದರು.

ಪ್ರೈಮ್-2 ಎಂಬ ಅಧ್ಯಯನ 65 ಮತ್ತು ಮೇಲ್ಪಟ್ಟ 1,326 ಹೆಂಗಸರದ್ದು. ಎಲ್ಲರದೂ 3 ಸೆಂಟಿಮೀಟರ್ ಮೀರದ, ಗ್ರಂಥಿ ನೆಗೆಟಿವ್, ಹಾರ್ಮೋನ್ ಪಾಸಿಟಿವ್ ಗಡ್ಡೆ. 2023ರಲ್ಲಿ ಬಂದ ಹತ್ತು ವರ್ಷದ ಲೆಕ್ಕ ಹೀಗಿದೆ: ಅದೇ ಸ್ತನದಲ್ಲಿ ಮರುಕಳಿಸಿದ್ದು ರೇಡಿಯೇಷನ್ ಬಿಟ್ಟವರಲ್ಲಿ ಶೇ. 9.5, ಪಡೆದವರಲ್ಲಿ ಶೇ. 0.9. ಆದರೆ ಬದುಕಿದ್ದವರು ಎರಡೂ ಗುಂಪಿನಲ್ಲಿ ಶೇ. 81ರ ಹತ್ತಿರ. ಅಂದರೆ ರೇಡಿಯೇಷನ್ ಈ ವಯಸ್ಸಿನಲ್ಲೂ ಕೆಲಸ ಮಾಡುತ್ತದೆ, ಆಯುಸ್ಸು ಮಾತ್ರ ಅದರಿಂದ ಹೆಚ್ಚಲಿಲ್ಲ. ಹತ್ತರಲ್ಲಿ ಒಂದು ಮರುಕಳಿಕೆಯ ಸಾಧ್ಯತೆ ಹೊತ್ತುಕೊಳ್ಳಬಲ್ಲಿರಾ, ಅದನ್ನು ಇಳಿಸಿಕೊಳ್ಳಲು ಒಂದು ವಾರ ಕೊಡಬಲ್ಲಿರಾ ಎಂಬುದು ಕೇಳಬೇಕಾದ ಪ್ರಶ್ನೆ. ಇದಕ್ಕೆ ಒಂದೇ ಸರಿ ಉತ್ತರವಿಲ್ಲ. ಚಿಕ್ಕಿ ಬಿಟ್ಟರು. ಅವರ ಓರಗೆಯ ಇನ್ನೊಬ್ಬರು ಐದು ದಿನ ಹೋಗಿ ಮುಗಿಸಿಕೊಂಡು ಬಂದರು. ಎರಡೂ ಸರಿಯೇ.

ಬಿಡುವುದಕ್ಕೆ ಒಂದು ಗಟ್ಟಿ ಷರತ್ತಿದೆ. ಹಾರ್ಮೋನ್ ಮಾತ್ರೆಯನ್ನು ಐದು ವರ್ಷ ತಪ್ಪದೆ ನುಂಗಬೇಕು, ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಆಗಬೇಕು. ಆ ಮಾತ್ರೆಯಿಂದ ಕೀಲುನೋವು ಬರಬಹುದು, ಮೂಳೆ ಸವೆಯಬಹುದು, ಎಷ್ಟೋ ಮಂದಿ ಅರ್ಧಕ್ಕೇ ಬಿಡುತ್ತಾರೆ. ಚಿಕ್ಕಿ ಡೈರಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಪ್ರತಿದಿನ ಲೀಟರಿನ ಪಕ್ಕ ಒಂದು ಗೀಟು ಎಳೆಯುತ್ತಾರೆ, ಗೀಟು ಬಿತ್ತೆಂದರೆ ಮಾತ್ರೆ ಆಯಿತೆಂದು. ಮಾತ್ರೆ ನುಂಗುವುದು ತಮ್ಮಿಂದಾಗದು ಎಂದು ಮೊದಲೇ ಅನಿಸುವವರು ರೇಡಿಯೇಷನ್ ಬಿಡಬಾರದು.

ವಯಸ್ಸೊಂದನ್ನೇ ನೋಡಿಯೂ ಬಿಡುವಂತಿಲ್ಲ. 70 ದಾಟಿದರೂ ಗಡ್ಡೆ ಹಾರ್ಮೋನ್ ನೆಗೆಟಿವ್ ಆಗಿದ್ದರೆ ಈ ಲೆಕ್ಕ ಅನ್ವಯಿಸುವುದಿಲ್ಲ. 40ರ ಹರೆಯದವರಿಗಂತೂ ಅಲ್ಲವೇ ಅಲ್ಲ.

ಯಂತ್ರದ ಕೋಣೆಯೊಳಗೆ

ಎಡಗಡೆಯವರಿಗೆ ಒಂದು ಹೆಚ್ಚಿನ ಮಾತು. ಸ್ತನದ ಹಿಂದೆಯೇ ಹೃದಯ. ಅದಕ್ಕೆ ಬೀಳುವ ಸರಾಸರಿ ಡೋಸ್ ಒಂದು ಗ್ರೇ ಹೆಚ್ಚಿದಂತೆ ಮುಂದೆ ಹೃದಯದ ರಕ್ತನಾಳದ ತೊಂದರೆ ಬರುವ ಸಾಧ್ಯತೆ, ಆ ವ್ಯಕ್ತಿಗೆ ಮೊದಲೇ ಎಷ್ಟಿತ್ತೋ ಅದರ ಮೇಲೆ, ಶೇ. 7.4ರಷ್ಟು ಏರುತ್ತದೆ ಎಂದು 2013ರ ಅಧ್ಯಯನವೊಂದು ಹೇಳಿದೆ. ಇದಕ್ಕೆ ಉಪಾಯ ಬಹಳ ಸರಳ: ಉಸಿರು ಎಳೆದು ಹಿಡಿಯುವುದು. ಎದೆ ಉಬ್ಬಿದಾಗ ಹೃದಯ ಹಿಂದಕ್ಕೂ ಕೆಳಕ್ಕೂ ಸರಿಯುತ್ತದೆ. ಆ ಹೊತ್ತಿನಲ್ಲಿ ಮಾತ್ರ ಯಂತ್ರ ಬಿಡುತ್ತಾರೆ. ಆಸ್ಪತ್ರೆ ಆರಿಸುವಾಗ ಎಡಗಡೆಯವರು ಮೊದಲು ಕೇಳಬೇಕಾದದ್ದು ಇದನ್ನೇ. ಗೋಡೆಯ ಅಂದಚಂದ ಆಮೇಲೆ ನೋಡಬಹುದು. ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಹೃದಯ, ಶ್ವಾಸಕೋಶ ಎರಡರ ಅಪಾಯವೂ ಹೆಚ್ಚು, ಬಿಡಲೇಬೇಕು.

ಅಕ್ಕ ಹುಬ್ಬಳ್ಳಿಯ ಅತ್ತೆಯ ಮನೆಯಲ್ಲಿ ದಿನಾ ರಾತ್ರಿ ಚಾಪೆಯ ಮೇಲೆ ಮಲಗಿ, ಎರಡೂ ಕೈ ತಲೆಯ ಮೇಲೆ ಎತ್ತಿ, ಉಸಿರು ಹಿಡಿಯುತ್ತಿದ್ದಳು. ನಾನು ಎಣಿಸುತ್ತಿದ್ದೆ. ಮೊದಲ ದಿನ ಹನ್ನೆರಡಕ್ಕೇ ಬಿಟ್ಟಳು. ನಾಲ್ಕನೇ ದಿನ ಇಪ್ಪತ್ತೈದು ಆಯಿತು. ಕೈ ಎತ್ತುವುದು ಕೂಡ ಸಣ್ಣ ಕೆಲಸವಲ್ಲ. ಆಪರೇಷನ್ ಆದ ಭುಜ ಬಿಗಿದಿರುತ್ತದೆ, ವ್ಯಾಯಾಮ ಮೊದಲೇ ಶುರುಮಾಡಿರಬೇಕು.

ಶುರುವಿನಲ್ಲಿ ಒಂದು ಸಿಟಿ ಸ್ಕ್ಯಾನ್ ಮಾಡಿ ಎದೆಯ ಮೇಲೆ ಗುರುತು ಹಾಕುತ್ತಾರೆ. ಅಳಿಸಿಹೋಗದಂತೆ ನೋಡಿಕೊಳ್ಳಬೇಕು. ಮೊದಲ ದಿನ ಸಿಸ್ಟರ್ ಬಂದು ಕರಿಮಣಿ ಸರ ತೆಗೆಯಿರಿ ಎಂದಾಗ ಅಕ್ಕನ ಮುಖ ಕಪ್ಪಿಟ್ಟಿತು. ಬಿಚ್ಚಿ ನನ್ನ ಮುಷ್ಟಿಯಲ್ಲಿಟ್ಟು ಒಳಗೆ ಹೋದಳು. ಸರದ ಬಿಸಿ ಆರುವುದರೊಳಗೆ ಹೊರಗೆ ಬಂದಿದ್ದಳು. "ಆತು, ಎಂತದೂ ಗೊತ್ತೇ ಆಜಿಲ್ಲೆ" ಎಂದಳು. ನೋವಿಲ್ಲ, ಉರಿಯಿಲ್ಲ, ಶಾಕ್ ಅಂತೂ ಇಲ್ಲವೇ ಇಲ್ಲ. ಕರೆಂಟ್ ಎಂಬ ಹೆಸರೇ ಅರ್ಧ ಹೆದರಿಕೆ ಹುಟ್ಟಿಸಿದೆ.

ಎರಡನೇ ವಾರದ ಹೊತ್ತಿಗೆ ಚರ್ಮ ಕೆಂಪಾಗಿ ಆಮೇಲೆ ಕಪ್ಪಾಯಿತು, ಸ್ತನದ ಕೆಳಗಿನ ಮಡಿಕೆಯಲ್ಲಿ ಹೆಚ್ಚು. ಮುಗಿದ ಮೇಲಿನ ಒಂದೆರಡು ವಾರ ಅದು ಇನ್ನೂ ಜಾಸ್ತಿಯಾಗಿ ನಂತರ ಇಳಿಯುತ್ತದೆ, ಹೆದರಬೇಡಿ. ಅರಿಶಿನ ಹಚ್ಚಬೇಡಿ, ಪೌಡರ್ ಬೇಡ, ಎಣ್ಣೆ ತಿಕ್ಕಬೇಡಿ. ಉಗುರುಬೆಚ್ಚಗಿನ ನೀರು, ಸಡಿಲವಾದ ಹತ್ತಿಯ ರವಿಕೆ, ಆಸ್ಪತ್ರೆಯವರು ಹೇಳಿದ ಮುಲಾಮು ಸಾಕು. ಸುಸ್ತು ಬಹಳ ಜನರಿಗೆ ಇರುತ್ತದೆ, ಕೆಲವು ವಾರ ಹಿಂಬಾಲಿಸುತ್ತದೆ. ಇದರಿಂದ ತಲೆಕೂದಲು ಉದುರುವುದಿಲ್ಲ. ಕಂಕುಳಿನ ಗ್ರಂಥಿಗಳಿಗೂ ಕೊಟ್ಟರೆ ಮುಂದೆ ಕೈ ಬಾವು ಬರುವ ಸಾಧ್ಯತೆ ಹೆಚ್ಚು ಎಂಬುದು ನೆನಪಿರಲಿ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಹೊರಗಿನ ಯಂತ್ರದಿಂದ ಕೊಟ್ಟ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಯಂತ್ರ ನಿಂತಿತೆಂದರೆ ಮುಗಿಯಿತು. ಶನಿವಾರ ಊರಿಗೆ ಬಂದಾಗ ಪಕ್ಕದ ಮನೆಯವರು ಕೂಸನ್ನು ಅಕ್ಕನ ಮಡಿಲಿಗೆ ಕೊಡದೆ ಎತ್ತಿಕೊಂಡು ಹೋದರು. ಕೀಮೊದ ಕಷ್ಟಕ್ಕೆ ಅಳದವಳು ಅವತ್ತು ಅತ್ತಳು. ದಯವಿಟ್ಟು ಯಾರಿಗೂ ಹೀಗೆ ಮಾಡಬೇಡಿ.

ದುಡ್ಡು, ಓಡಾಟ, ಕಾಗದ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30. ರೇಡಿಯೇಷನ್ ಶುರುವಾಗುವ ಮೊದಲೇ ಅನುಮೋದನೆಯ ಕಾಗದ ಮಾಡಿಸಿಕೊಳ್ಳಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲ್ವೆ ಟಿಕೆಟ್ ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಬೆಂಗಳೂರಿನ ಕಿದ್ವಾಯಿಗೆ ಹೋಗುವವರು ಅಲ್ಲಿನ ಧರ್ಮಶಾಲೆಯಲ್ಲಿ ಜಾಗ ಕೇಳಬಹುದು. ಖಾಸಗಿ ಆಸ್ಪತ್ರೆಯಾದರೆ ದಿನದ ದರ ಕೇಳಬೇಡಿ, ಸ್ಕ್ಯಾನ್, ಪ್ಲಾನಿಂಗ್, ಬೂಸ್ಟ್ ಎಲ್ಲ ಸೇರಿ ಒಟ್ಟು ಎಷ್ಟು ಎಂದು ಬರೆಸಿಕೊಳ್ಳಿ.

ಮುಗಿದ ದಿನ ಚಿಕಿತ್ಸೆಯ ವಿವರದ ಹಾಳೆ ಕೇಳಿ ಪಡೆಯುವುದನ್ನು ಮರೆಯಬೇಡಿ. ಯಾವ ಜಾಗಕ್ಕೆ, ಎಷ್ಟು ಗ್ರೇ, ಎಷ್ಟು ದಿನ ಎಂದು ಅದರಲ್ಲಿರುತ್ತದೆ. ಒಮ್ಮೆ ಕೊಟ್ಟ ಜಾಗಕ್ಕೆ ಮತ್ತೆ ಕೊಡುವುದು ಸುಲಭವಲ್ಲ, ಇಪ್ಪತ್ತು ವರ್ಷದ ನಂತರ ಬೇರೆ ಊರಿನ ಡಾಕ್ಟರಿಗೂ ಆ ಹಾಳೆ ಬೇಕಾಗಬಹುದು. ಅಕ್ಕನ ಹಾಳೆಯಲ್ಲಿ "ಎಡ ಸ್ತನ, 40 ಗ್ರೇ, 15, ಬೂಸ್ಟ್ 10 ಗ್ರೇ, 5" ಎಂದಿದೆ. ಅವಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೋಟದ ಪಹಣಿ ಪತ್ರಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾಳೆ.